ಬಿಟ್ಟಿ ಟಿಕೆಟ್ಟಿಗೆ ಎರಡು ಬೆಳಗು

ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ನೇರಪ್ರಸಾರವಾಗುವ ಒಂದು ಟಾಕ್ ಷೋಗೆ ಪ್ರೇಕ್ಷಕರಾಗಿ ಹೋಗಿದ್ದೆವು, ನಾನು ಮತ್ತು ನನ್ನ ನಾದಿನಿ. ಟಿಕೆಟ್ಟಿಗೆ ಒಂದು ಸೆಂಟೂ ಇಲ್ಲ. ಆದರೆ ಮೊದಲ ಸಲ ಬಾಗಿಲಿಂದಲೇ ವಾಪಸ್ ಬಂದೆವು. ಬೈಯುವುದಿದೆ, ಹಾಗಾಗಿ ಕಾರ್ಯಕ್ರಮದ ಹೆಸರು ಹೇಳುವುದಿಲ್ಲ.

ಆನ್‌ಲೈನಿನಲ್ಲಿ ತಾರೀಕು, ಎಷ್ಟು ಜನ ಅಂತ ತುಂಬಿದರೆ ಮೊದಲು ವೇಟ್‌ಲಿಸ್ಟ್. ಹದಿನೇಳು ದಿನ ಬಿಟ್ಟು ಟಿಕೆಟ್ ಬಂತು. ನಾದಿನಿ ಅದನ್ನು ಮೂರು ವಾಟ್ಸಾಪ್ ಗುಂಪಿಗೆ ಹಾಕಿಯೂ ಆಯಿತು. ಕೆಳಗೆ ಇರುವೆಯಂಥ ಅಕ್ಷರದಲ್ಲಿದ್ದ ಸಾಲನ್ನು ಇಬ್ಬರೂ ಓದಲಿಲ್ಲ: ಟಿಕೆಟ್ ಇದ್ದರೂ ಸೀಟಿನ ಖಾತರಿಯಿಲ್ಲ. ದುಡ್ಡು ಕೊಡದವರು ಹಾಸಿಗೆಯಿಂದ ಏಳದೆಯೂ ಇರಬಹುದಲ್ಲ, ಕ್ಯಾಮೆರಾಗೆ ಖಾಲಿ ಕುರ್ಚಿ ಕಾಣಬಾರದಲ್ಲ, ಅದಕ್ಕೇ ಕುರ್ಚಿಗಿಂತ ಹೆಚ್ಚು ಟಿಕೆಟ್ ಹಂಚುತ್ತಾರೆ. ಹಂಚಲಿ, ದೊಡ್ಡಕ್ಷರದಲ್ಲಿ ಹೇಳಿ ಹಂಚಲಿ. ಏಳೂವರೆಗೆ ಬನ್ನಿ ಅಂದಿದ್ದರು, ಏಳೂ ಇಪ್ಪತ್ತಕ್ಕೇ ಹೋದೆವು. ಸಾಲು ಆಗಲೇ ಮೂಲೆ ತಿರುಗಿತ್ತು. ನಮಗಿಂತ ಆರು ಜನ ಮುಂದೆ ಹಗ್ಗ ಎಳೆದು ‘ಸಾರಿ’ ಅಂದರು.

ಆ ಸಿಟ್ಟಿಗೆ ಸೀದಾ ರಾಕ್‌ಫೆಲರ್ ಪ್ಲಾಜಾಗೆ ಹೋದೆವು. 1952ರಿಂದ ಬರುತ್ತಿರುವ ‘ಟುಡೇ’ ಕಾರ್ಯಕ್ರಮದ ಗಾಜಿನ ಸ್ಟುಡಿಯೋ ಇರುವುದು ಅಲ್ಲಿ. ಹೊರಗೆ ಬೇಲಿಯ ಪಕ್ಕ ಜನ ಹುಟ್ಟುಹಬ್ಬದ ಬೋರ್ಡು ಹಿಡಿದು ಕೈಬೀಸುತ್ತಿದ್ದರು. ನಮ್ಮನ್ನು ಯಾರೂ ಟಿಕೆಟ್ ಕೇಳಲಿಲ್ಲ. ಬರೀ ಟಿವಿಯಲ್ಲಿ ಮುಖ ಬರಬೇಕು ಅನ್ನುವವರಿಗೆ ಇದೇ ವಾಸಿ.

ಎರಡನೇ ಸಲ ಐದೂವರೆಗೆ ಹೋಗಿ ನಿಂತೆವು. ನಮಗಿಂತ ಮುಂದೆ ಒಂಬತ್ತೇ ಜನ. ಬಿಳಿ ಬೇಡ, ಸಣ್ಣ ಗೆರೆಯ ಬಟ್ಟೆ ಬೇಡ, ಒಂದೇ ಗಾಢ ಬಣ್ಣವಿರಲಿ ಅಂತ ಮೇಲ್‌ನಲ್ಲಿ ಬರೆದಿದ್ದರು. ಸಣ್ಣ ಗೆರೆ ಕ್ಯಾಮೆರಾದಲ್ಲಿ ಅಲೆಅಲೆಯಾಗಿ ಓಡುತ್ತದೆ. ನಾದಿನಿ ನವಿಲುಬಣ್ಣದ ರೇಷ್ಮೆ ಸೀರೆ ಉಟ್ಟಿದ್ದಳು. ಕೂರಿಸುವ ಹುಡುಗಿ ಅವಳ ಸೆರಗು ನೋಡಿದ್ದೇ ಕೈಹಿಡಿದು ಮುಂದಿನ ಸಾಲಿಗೆ ಕರೆದೊಯ್ದಳು. ನನ್ನ ಬೂದು ಸ್ವೆಟರಿಗೆ ಸಿಕ್ಕಿದ್ದು ಕ್ಯಾಮೆರಾದ ಬೆನ್ನ ಹಿಂದಿನ ಜಾಗ. ಮೊದಲು ಬಂದವರಿಗೆ ಮೊದಲ ಸೀಟು ಅನ್ನುವ ನಿಯಮ ಬಾಗಿಲವರೆಗೆ ಮಾತ್ರ.

ಒಳಗೆ ಮೈ ಕೊರೆಯುವ ಚಳಿ. ಟಿವಿಯಲ್ಲಿ ಅರಮನೆಯಂತೆ ಕಾಣುವ ಸೆಟ್ಟು ನಿಜಕ್ಕೂ ಒಂದು ಮದುವೆ ಸ್ಟೇಜಿನಷ್ಟಿದೆ, ಬಾಗಿಲಿನ ಹಿಂದೆ ಬರೀ ಪ್ಲೈವುಡ್. ಷೋಗೆ ಮುಂಚೆ ಒಬ್ಬ ಹಾಸ್ಯಗಾರ ಬಂದು ಅರ್ಧ ಗಂಟೆ ನಮಗೆ ನಗುವುದನ್ನೂ ಚಪ್ಪಾಳೆ ತಟ್ಟುವುದನ್ನೂ ಹೇಳಿಕೊಟ್ಟ. ನನಗೆ ಹಿಡಿಸಿದ್ದು ಫ್ಲೋರ್ ಮ್ಯಾನೇಜರ್ ಹೆಂಗಸು. ಹೆಡ್‌ಫೋನ್ ಹಾಕಿಕೊಂಡು ಕ್ಯಾಮೆರಾ ಕೆಳಗೆ ನಿಂತು ಐದು ಬೆರಳು ಎತ್ತುತ್ತಾಳೆ. ಐದು, ನಾಲ್ಕು ಅಂತ ಬಾಯಲ್ಲಿ, ಮೂರರಿಂದ ಬೆರಳಲ್ಲಿ ಮಾತ್ರ. ಅಷ್ಟರಲ್ಲಿ ಮೇಕಪ್‌ನವಳು ನಿರೂಪಕಿಯ ಮೂಗಿಗೆ ಪೌಡರ್ ಒತ್ತಿ, ಬಗ್ಗಿಕೊಂಡೇ ಹೊರಗೋಡುತ್ತಾಳೆ. ಪ್ರತಿ ಜಾಹೀರಾತಿನಲ್ಲೂ ಇದೇ ಆಟ. ಅತಿಥಿ ಸಿನಿಮಾ ನಟನ ಮಾತು ಸಪ್ಪೆ, ನಾನು ಇದನ್ನೇ ನೋಡುತ್ತ ಕೂತೆ. ಷೋ ಮುಗಿಯುವವರೆಗೆ ಬಾತ್‌ರೂಮಿಗೆ ಎದ್ದು ಹೋಗುವಂತಿಲ್ಲ. ಬೆಳಿಗ್ಗೆ ಕಾಫಿ ಕುಡಿಯುವಾಗ ಇದು ನೆನಪಿರಲಿ.

ನೇರಪ್ರಸಾರ ಅನ್ನುವುದೂ ಪೂರ್ವ ತೀರದವರಿಗೆ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಅದೇ ಷೋ ಅಲ್ಲಿನ ಒಂಬತ್ತಕ್ಕೆ, ಅಂದರೆ ಮೂರು ಗಂಟೆ ತಡವಾಗಿ. ಹೊರಗೆ ಬಂದಾಗ ಅಲ್ಲಿರುವ ಅಕ್ಕನ ಮಗನಿಗಿನ್ನೂ ಏಳೂ ಕಾಲು. ಫೋನ್ ಮಾಡಿ ಎಬ್ಬಿಸಿ, ತಪ್ಪದೆ ನೋಡೋ ಅಂದೆ. ಮಧ್ಯಾಹ್ನ ಅವನೇ ಮಾಡಿದ.

“ಚಿಕ್ಕಮ್ಮ, ಅತ್ತೆ ಎರಡು ಸಲ ಚೆನ್ನಾಗಿ ಕಂಡ್ರು. ಆಮೇಲೆ ಕ್ಯಾಮೆರಾ ಪಕ್ಕ ಒಂದು ಬೂದು ಮೊಣಕೈ ಬಂತು. ಅದು ನಿಂದಾ?”