ಬ್ಲಾಗರ್: ಫೇಸ್‌ಬುಕ್ ಗಡಿಬಿಡಿಯ ನಡುವೆ ಕನ್ನಡ ಬ್ಲಾಗಿಗೆ ಸಾಕೇ?

ಫೇಸ್‌ಬುಕ್ಕಿನಲ್ಲಿ ಬರೆದದ್ದು ಎರಡು ದಿನಕ್ಕೆ ಕೆಳಗೆ ಸರಿದುಹೋಗುತ್ತದೆ, ವರ್ಷ ಕಳೆದ ಮೇಲೆ ಹುಡುಕುವುದು ದೊಡ್ಡ ಪಾಡು. ಅವನ್ನೆಲ್ಲ ಒಂದೆಡೆ ಕೂಡಿಡಲು, 2003ರಲ್ಲಿ ಗೂಗಲ್ ಕೈಸೇರಿದ ಬ್ಲಾಗರ್ ಎಂಬ ಬ್ಲಾಗ್ ತಾಣ ಇವತ್ತಿಗೂ ಒಳ್ಳೆಯ ಆಯ್ಕೆ. ಖರ್ಚಿಲ್ಲ.

ಬಿಡುವಿಲ್ಲದವರಿಗೆ ಇದರಲ್ಲಿರುವ ದೊಡ್ಡ ಉಪಕಾರ ಇಮೇಲ್ ಸೌಲಭ್ಯ. ಸೆಟ್ಟಿಂಗ್ಸ್‌ನಲ್ಲಿ ಒಂದು ಗುಟ್ಟಿನ ವಿಳಾಸ ಮಾಡಿಕೊಂಡು, ಡ್ರಾಫ್ಟ್ ಆಗಿ ಉಳಿಸುವ ಆಯ್ಕೆ ಒತ್ತಿ. ಫೇಸ್‌ಬುಕ್ಕಿಗೆ ಹಾಕಿದ ಬರಹವನ್ನೇ ಆ ವಿಳಾಸಕ್ಕೆ ಕಳಿಸಿದರೆ ಸಬ್ಜೆಕ್ಟ್ ಸಾಲು ಶೀರ್ಷಿಕೆಯಾಗುತ್ತದೆ. ಭಾನುವಾರ ಕೂತು ನಾಲ್ಕೈದು ಡ್ರಾಫ್ಟ್ ತಿದ್ದಿ, ಬೇರೆ ಬೇರೆ ದಿನಕ್ಕೆ ಶೆಡ್ಯೂಲ್ ಮಾಡಿಬಿಡಬಹುದು.

ಕನ್ನಡದವರು ಎಡವುವುದು ಪರ್ಮಾಲಿಂಕ್‌ನಲ್ಲಿ, ಅಂದರೆ ಪ್ರತಿ ಬರಹದ ಕಾಯಂ ಕೊಂಡಿಯಲ್ಲಿ. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಬ್ಲಾಗರ್ ಆ ಅಕ್ಷರಗಳನ್ನು ಕೈಬಿಟ್ಟು, ಕೊಂಡಿಗೆ ಬರೀ ‘ಬ್ಲಾಗ್-ಪೋಸ್ಟ್’ ಎಂದು ಹೆಸರಿಡುತ್ತದೆ. ಮುಂದಿನದಕ್ಕೆ ಅದೇ ಹೆಸರಿನ ಕೊನೆಗೆ ಒಂದು ಅಂಕಿ. ಯಾವ ಕೊಂಡಿ ಯಾವ ಬರಹದ್ದೆಂದು ನಿಮಗೇ ತಿಳಿಯದು. ಪ್ರಕಟಿಸುವ ಮೊದಲೇ ಬಲಬದಿಯ ಪರ್ಮಾಲಿಂಕ್‌ನಲ್ಲಿ ಕಸ್ಟಮ್ ಆರಿಸಿ, ಎರಡು ಮೂರು ಪದ ಇಂಗ್ಲಿಷ್ ಅಕ್ಷರದಲ್ಲಿ ಕೊಡಿ. ಆಮೇಲೆ ಬದಲಿಸಿದರೆ ಹಂಚಿದ ಹಳೆಯ ಕೊಂಡಿಗಳು ಸತ್ತಂತೆಯೇ.

ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟಿನಲ್ಲಿ ಟೈಪಿಸಿದ್ದನ್ನು ನೇರ ಅಂಟಿಸಬೇಡಿ, ಚಿತ್ರವಿಚಿತ್ರ ಅಕ್ಷರ ಬರುತ್ತವೆ. ಮೊದಲು ಎಲ್ಲ ಕಡೆ ಓದಬಲ್ಲ ಯೂನಿಕೋಡ್‌ಗೆ ಪರಿವರ್ತಿಸಿ. ಒತ್ತಕ್ಷರಗಳು ಕೆಳಸಾಲಿಗೆ ತಾಗುತ್ತಿದ್ದರೆ ಥೀಮ್‌ನ ಸಿಎಸ್‌ಎಸ್‌ನಲ್ಲಿ (ಪುಟದ ಅಂದ ನಿರ್ಧರಿಸುವ ಕೋಡ್) ಲೈನ್ ಹೈಟ್, ಅಂದರೆ ಸಾಲಿನ ಎತ್ತರ, 1.8 ಮಾಡಿ.

ತಿಂಗಳಿಗೊಮ್ಮೆ ಬ್ಯಾಕಪ್ ಇಳಿಸಿಕೊಳ್ಳಿ. ಅದರಲ್ಲಿ ಬರಹಗಳಿರುವ ಫೈಲಿನಲ್ಲಿ ಚಿತ್ರಗಳ ಕೊಂಡಿಗಳಷ್ಟೇ ಇರುತ್ತವೆ, ಆದ್ದರಿಂದ ಮೂಲ ಫೋಟೋಗಳನ್ನು ಬೇರೆ ಫೋಲ್ಡರಿನಲ್ಲಿ ಇಡಲೇಬೇಕು.