ಗಾಡಿ ಮೇಲೆ ‘ಆಟೋಮ್ಯಾಟಿಕ್ ಡಿಶ್’ ಹಾಕಿಸೋರು ಒಂದು ನಿಮಿಷ ನಿಲ್ಲಿ, ನಾನು 74,500 ಕಳೆದುಕೊಂಡ ಕಥೆ

ಮೊನ್ನೆ ಭಾನುವಾರ ಶಿರಾ ರಸ್ತೆಯ ಬಂಕ್‌ನಲ್ಲಿ ಡೀಸೆಲ್ ಹಾಕಿಸುತ್ತಿದ್ದೆ. ಪಕ್ಕದಲ್ಲಿ ಇನ್ನೊಂದು ಟೆಂಪೊ ಟ್ರಾವೆಲರ್ ಬಂದು ನಿಂತಿತು. ಅದರಿಂದ ಇಳಿದವರು ನನ್ನ ಗಾಡಿಯ ಟಾಪ್ ಕಡೆ ನೋಡಿ, "ಸಾರ್, ಆ ಆಟೋಮ್ಯಾಟಿಕ್ ಡಿಶ್ಶು ಇದೇ ಅಲ್ವಾ? ಸಖತ್ತಾಗಿದೆ. ನಾನೂ ನಾಳೆ ಅಡ್ವಾನ್ಸ್ ಕೊಡೋಣ ಅಂತಿದೀನಿ" ಅಂದರು. ಯಾವ ಅಂಗಡಿ ಅಂತ ಕೇಳಿದೆ. ಅದೇ ಅಂಗಡಿ. ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು.

ಇಷ್ಟು ದಿನ ನಾಚಿಕೆಗೆ ಬಾಯಿ ಮುಚ್ಚಿಕೊಂಡಿದ್ದೆ. ಮನೆಯವರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತೇನೆ. ಅಂಗಡಿ ಹೆಸರು ಬರೆಯುವುದಿಲ್ಲ, ಆದರೆ ತುಮಕೂರು ಸುತ್ತಮುತ್ತ ಗಾಡಿಗೆ ಟಿವಿ ಹಾಕಿಸಬೇಕು ಅಂತಿರುವವರು ಪೂರ್ತಿ ಓದಿ.

ನಮ್ಮದು ಹಳೆಯ ಟ್ರಾವೆಲರ್. ಬಾಡಿಗೆಗೆ ಓಡಿಸಿ ಸಾಕಾಗಿತ್ತು. ಸೀಟು ತೆಗೆಸಿ, ಮೂರು ಬರ್ತ್, ಒಂದು ಸಣ್ಣ ಸ್ಟೌ, ಒಂದು ಸಿಂಕ್ ಹಾಕಿಸಿ, ಆರ್‌ಟಿಒ ಕಾಗದ ಸರಿಮಾಡಿಸಿ, ಮನೆಯವರೆಲ್ಲ ತಿರುಗಾಡೋಕೆ ಅಂತ ಇಟ್ಟುಕೊಂಡೆವು. ಅಮ್ಮನಿಗೆ 71 ವರ್ಷ. ಹೊರನಾಡು, ಶೃಂಗೇರಿ ಅಂದರೆ ನಮಗಿಂತ ಮೊದಲೇ ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಆದರೆ ಸಂಜೆ ಧಾರಾವಾಹಿ ಮಾತ್ರ ತಪ್ಪಬಾರದು. ಮಕ್ಕಳಿಗೆ ಐಪಿಎಲ್. ಮೊಬೈಲಲ್ಲಿ ನೋಡಿ ಅಂದರೆ ಘಟ್ಟದಲ್ಲಿ ನೆಟ್‌ವರ್ಕ್ ಎಲ್ಲಿ ಬರುತ್ತದೆ? ಡಿಶ್ ಒಂದೇ ದಾರಿ ಅಂತ ಹೊರಟೆ. ಇಲ್ಲಿಯವರೆಗೆ ನಾನು ಯೋಚಿಸಿದ್ದು ಸರಿಯೇ ಇತ್ತು.

ಮನೆಗೆ ಡಿಶ್ ಹಾಕಿಸುವುದು ಹೇಗೆ ಅಂತ ಎಲ್ಲರಿಗೂ ಗೊತ್ತು. ಹುಡುಗ ಬರುತ್ತಾನೆ, ತಾರಸಿಗೆ ನಾಲ್ಕು ಬೋಲ್ಟ್ ಹೊಡೆಯುತ್ತಾನೆ, ಕೆಳಗೆ ಟಿವಿ ಮುಂದೆ ಒಬ್ಬರು ನಿಂತು "ಬಂತು, ಬಂತು, ಅಯ್ಯೋ ಹೋಯ್ತು" ಅಂತ ಕೂಗುತ್ತಾರೆ, ಅರ್ಧ ಗಂಟೆಯಲ್ಲಿ ಮುಗಿಯಿತು. ಗಾಡಿಗೂ ಹಾಗೇ ಏನೋ ಮಾಡಿಕೊಡಿ ಅಂತ ಬಿ.ಎಚ್. ರಸ್ತೆ ಕಡೆಯ ಒಂದು ಅಂಗಡಿಗೆ ಹೋದೆ. ಕಾರ್ ಸ್ಟೀರಿಯೊ, ಸಿಸಿಟಿವಿ, ಡಿಶ್ ಎಲ್ಲ ಇಟ್ಟಿರುವವರು. ಅವರು ನಕ್ಕರು. "ಸಾರ್, ಆ ಕಾಲ ಹೋಯ್ತು. ಇದು ನೋಡಿ" ಅಂತ ಒಂದು ಬಿಳಿ ಡೋಮ್ ತೋರಿಸಿದರು. ದೊಡ್ಡ ಕುಕ್ಕರ್ ಥರ ಇತ್ತು. "ಇಂಪೋರ್ಟೆಡ್. ಅಮೆರಿಕಾದಲ್ಲಿ ಮನೆ ಥರಾ ಗಾಡಿಗಳು ಇರ್ತವಲ್ಲ, ಎಲ್ಲದರ ಮೇಲೂ ಇದೇ. ಬಟನ್ ಒತ್ತಿ, ಅದೇ ಸ್ಯಾಟಲೈಟ್ ಹುಡುಕತ್ತೆ. ಗಾಡಿ ಓಡ್ತಿದ್ರೂ ಬರತ್ತೆ."

ಆಮೇಲೆ ಡೆಮೊ. ಇದನ್ನ ನಾನು ಸಾಯೋವರೆಗೂ ಮರೆಯಲ್ಲ. ಡೋಮನ್ನು ಅಂಗಡಿ ಮುಂದಿನ ಫುಟ್‌ಪಾತ್ ಮೇಲೆ ಇಟ್ಟರು. ಒಳಗೆ ಟೇಬಲ್ ಮೇಲೆ ಟಿವಿ, ಸೆಟ್‌ಟಾಪ್ ಬಾಕ್ಸ್. ಬಟನ್ ಒತ್ತಿದರು. ಡೋಮ್ ಒಳಗಿಂದ ಗುರ್ ಗುರ್ ಅಂತ ಸದ್ದು. ಒಂದು ನಿಮಿಷ ಆಗಿರಲಿಲ್ಲ, ಟಿವಿಯಲ್ಲಿ ಚಂದನ ಬಂತು. ಕ್ಲಿಯರ್ ಅಂದರೆ ಕ್ಲಿಯರ್. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಬಾಯಿ ಬಿಟ್ಟುಕೊಂಡು! ಬಾಕ್ಸ್ ಹಿಂದಿನ ಕಪ್ಪು ಕೇಬಲ್ ಬಾಗಿಲ ಕಡೆ ಹೋಗಿತ್ತೋ, ಗೋಡೆ ಹತ್ತಿ ಅಟ್ಟದ ಕಡೆ ಹೋಗಿತ್ತೋ, ಅದನ್ನು ನೋಡುವ ಬುದ್ಧಿ ನನಗೆ ಬರಲಿಲ್ಲ.

85,000 ಹೇಳಿದರು. ಚೌಕಾಸಿ ಮಾಡಿ 68,000ಕ್ಕೆ ಇಳಿಸಿದೆ. ಗೆದ್ದೆ ಅಂದುಕೊಂಡೆ. ಫಿಟ್ಟಿಂಗ್ 6,500 ಬೇರೆ. ಒಟ್ಟು 74,500. ಬಿಲ್ ಕೇಳಿದರೆ "ಬಿಲ್ ಬೇಕಂದ್ರೆ ಜಿಎಸ್‌ಟಿ ಸೇರತ್ತೆ ಸಾರ್, ಸುಮ್ನೆ ಯಾಕೆ ನಿಮಗೆ ಲಾಸು" ಅಂತ ಒಂದು ಎಸ್ಟಿಮೇಟ್ ಚೀಟಿಯಲ್ಲಿ ಬರೆದುಕೊಟ್ಟರು. ನಾನೂ ಹೂಂ ಅಂದೆ. ತಪ್ಪು ನನ್ನದೂ ಇದೆ, ಇಲ್ಲ ಅನ್ನುವುದಿಲ್ಲ.

ಗಾಡಿಯ ಟಾಪ್‌ಗೆ ಐದು ತೂತು ಕೊರೆದು ಡೋಮ್ ಕೂರಿಸಿದರು. ಸಂಜೆಯಾಗಿತ್ತು. ಹೋಗಿ ಟಿವಿ ಹಾಕಿಕೊಳ್ಳಿ, ತಾನೇ ಹುಡುಕತ್ತೆ ಅಂದರು. ಮಾರನೇ ದಿನ ಮನೆ ಮುಂದೆ ಗಾಡಿಗೆ ಪೂಜೆ. ಚಕ್ರಕ್ಕೆ ನಿಂಬೆಹಣ್ಣು, ಅಕ್ಕ ಭಾವ, ಎದುರು ಮನೆಯವರು, ಎಲ್ಲ ಇದ್ದರು. ನಾನು ದೊಡ್ಡ ಮನುಷ್ಯನ ಹಾಗೆ ಬಟನ್ ಒತ್ತಿದೆ. ಗುರ್ ಗುರ್. ಐದು ನಿಮಿಷ. ಹತ್ತು ನಿಮಿಷ. ಟಿವಿಯಲ್ಲಿ "ಸಿಗ್ನಲ್ ಇಲ್ಲ". ಇನ್ನೊಮ್ಮೆ ಒತ್ತಿದೆ. ಗುರ್ ಗುರ್. ಎದುರು ಮನೆಯವರು ಕೋಸಂಬರಿ ತಿಂದು ಹೊರಟುಹೋದರು.

ಫೋನ್ ಮಾಡಿದೆ. ಇಲ್ಲಿಂದ ಅವರ ಉತ್ತರಗಳನ್ನು ಒಂದೊಂದಾಗಿ ಬರೆಯುತ್ತೇನೆ, ಯಾಕೆಂದರೆ ನಿಮಗೂ ಇವೇ ಸಿಗುತ್ತವೆ.

ಮೊದಲ ದಿನ: "ಮೋಡ ಇದೆ ಸಾರ್." ಆಕಾಶ ಕನ್ನಡಿ ಹಾಗಿತ್ತು.

ಎರಡನೇ ದಿನ: "ಮನೆ ಮುಂದೆ ತೆಂಗಿನಮರ ಇದೆಯಾ? ಅದೇ ಅಡ್ಡ. ಬಯಲಿಗೆ ತಗೊಂಡ್ಹೋಗಿ." ದೇವರಾಯನದುರ್ಗದ ಕಡೆ ಬಯಲಿಗೆ ಹೋದೆ. ಒಂದು ಗಿಡವೂ ಅಡ್ಡ ಇಲ್ಲ. ಗುರ್ ಗುರ್.

ನಾಲ್ಕನೇ ದಿನ: "ಗಾಡಿ ಲೆವೆಲ್‌ನಲ್ಲಿ ನಿಲ್ಸಿಲ್ಲ ನೀವು."

ಆಮೇಲೆ: "ಹುಡುಗನ್ನ ಕಳಿಸ್ತೀನಿ." ಹುಡುಗ ಬರಲಿಲ್ಲ. "ಹುಡುಗ ರಜೆ ಸಾರ್." ಆಮೇಲೆ: "ಸಾಫ್ಟ್‌ವೇರ್ ಅಪ್‌ಡೇಟ್ ಬರಬೇಕು, ಕಂಪನಿಗೆ ಮೇಲ್ ಹಾಕಿದೀನಿ."

ನಾನು ನಂಬಿದೆ ಸ್ವಾಮಿ. ಅಪ್‌ಡೇಟ್ ಬರುತ್ತದೆ ಅಂತ ಹನ್ನೆರಡು ದಿನ ಕಾದೆ. ಮೇ ತಿಂಗಳಲ್ಲಿ ಹೊರನಾಡಿಗೂ ಹೊರಟೆವು. ಕಳಸದ ಹತ್ತಿರ ರಾತ್ರಿ ಮಳೆ ಹೊಡೆಯಿತು. ಅವರು ಕೊರೆದ ತೂತಿಗೆ ಸಿಲಿಕಾನ್ ಸರಿಯಾಗಿ ಬಳಿದಿರಲಿಲ್ಲ. ಅಮ್ಮನ ಬರ್ತ್ ಮೇಲೆ ತೊಟ್ ತೊಟ್. ಧಾರಾವಾಹಿ ಹೋಗಲಿ, ಹಾಸಿಗೆಯೂ ಹೋಯಿತು. ಅಮ್ಮ ಬೈಯಲಿಲ್ಲ. "ಪಾತ್ರೆ ಇದ್ರೆ ಇಡಪ್ಪ ಕೆಳಗೆ" ಅಂದರು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಗುಟ್ಟು ಬಿಡಿಸಿದ್ದು ಅಕ್ಕನ ಮಗ. ಇಂಜಿನಿಯರಿಂಗ್ ಓದುತ್ತಿದ್ದಾನೆ. ಗಾಡಿ ಒಳಗೆ ಡೋಮಿನ ಸ್ವಿಚ್ ಡಬ್ಬಿ ಇತ್ತು, ಅದರ ಮೇಲೆ ಅಂಗಡಿಯವರ ದೊಡ್ಡ ಸ್ಟಿಕ್ಕರ್. ಇವನು ಸುಮ್ನೆ ಕೂತಿದ್ದವನು ಉಗುರಲ್ಲಿ ಅದನ್ನು ಕೆರೆದು ಕಿತ್ತ. ಕೆಳಗೆ ಒಂದು ಪಟ್ಟಿ ಅಚ್ಚಾಗಿತ್ತು: 101, 110, 119, 129. ಎಲ್ಲದರ ಮುಂದೆಯೂ ಪಶ್ಚಿಮ ಅಂತ ಇಂಗ್ಲಿಷ್ ಅಕ್ಷರ.

"ಮಾವ, ಇವೆಲ್ಲ ಅಮೆರಿಕಾದ ಟಿವಿ ಸ್ಯಾಟಲೈಟು" ಅಂದ.

"ಇರಲಿ ಬಿಡೋ, ಅಮೆರಿಕಾ ಚಾನೆಲ್ಲೇ ಬರಲಿ" ಅಂದೆ ಪೆದ್ದನ ಹಾಗೆ.

ಅವನು ನಕ್ಕು ನಕ್ಕು, ಆಮೇಲೆ ಪಾಪ ಅನ್ನಿಸಿ ಬಿಡಿಸಿ ಹೇಳಿದ. ಡಿಶ್ ಟಿವಿ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಒಂದೇ ಕಡೆ ನಿಂತ ಹಾಗೆ ಇರುತ್ತವೆ. ನಮ್ಮ ಡಿಡಿ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವ ರೇಖಾಂಶದ ಮೇಲಿರುವ ಜಿಸ್ಯಾಟ್-15 ಉಪಗ್ರಹದಿಂದ. ಟಾಟಾ ಪ್ಲೇ 83 ಡಿಗ್ರಿ ಪೂರ್ವ. ಏರ್‌ಟೆಲ್‌ದು 108.2 ಡಿಗ್ರಿ ಪೂರ್ವ. ತುಮಕೂರು ಇರುವುದು ಸುಮಾರು 77 ಡಿಗ್ರಿ ಪೂರ್ವದಲ್ಲಿ. ಇಲ್ಲಿಂದ ಭೂಮಿಗೆ ನೇರವಾಗಿ ಸೂಜಿ ಚುಚ್ಚಿದರೆ ಆ ಕಡೆ ಹೊರಬರುವುದು ಸುಮಾರು 103 ಡಿಗ್ರಿ ಪಶ್ಚಿಮದಲ್ಲಿ. ಪಟ್ಟಿಯಲ್ಲಿ ಮೊದಲನೆಯದು ಎಷ್ಟು? 101 ಪಶ್ಚಿಮ. ಅಂದರೆ ನನ್ನ ಡೋಮ್ ಗುರ್ ಗುರ್ ಅಂತ ಇಷ್ಟು ದಿನ ಆಕಾಶವೆಲ್ಲ ತಡಕಾಡಿದ್ದು ನಮ್ಮ ಕಾಲ ಕೆಳಗೆ, ಭೂಮಿಯ ಆ ಬದಿಯಲ್ಲಿರುವ ಉಪಗ್ರಹವನ್ನು. ದೇವರಾಯನದುರ್ಗದ ತುದಿಗೆ ಹತ್ತಿಸಿದರೂ ಸಿಗಲ್ಲ, ಬಾವಿ ತೋಡಿದರೆ ಸಿಗಬಹುದೇನೋ.

ಇನ್ನೊಂದೂ ಇದೆ. ಅಮೆರಿಕಾದ ಆ ಸಿಗ್ನಲ್ ತಿರುಪಿನ ಹಾಗೆ ಸುತ್ತಿಕೊಂಡು ಬರುತ್ತದಂತೆ. ನಮ್ಮ ಡಿಟಿಎಚ್ ಸಿಗ್ನಲ್ ಉದ್ದಕ್ಕೆ ಒಂದು, ಅಡ್ಡಕ್ಕೆ ಒಂದು, ನೇರವಾಗಿ ಬರುತ್ತದೆ. ಡೋಮ್ ಒಳಗಿರುವ ಎಲ್‌ಎನ್‌ಬಿ, ಅಂದರೆ ತಟ್ಟೆಯ ಮುಂದೆ ಸಿಗ್ನಲ್ ಹಿಡಿಯುವ ಸಣ್ಣ ಡಬ್ಬಿ, ಅಲ್ಲಿಯ ಸಿಗ್ನಲ್‌ಗೆ ಅಂತಲೇ ಮಾಡಿದ್ದು. ಅದರ ಹುಡುಕಾಟದ ಪಟ್ಟಿಗೆ ನಮ್ಮ ಉಪಗ್ರಹ ಸೇರಿಸುವುದಕ್ಕೆ ಈ ಮಾಡೆಲ್‌ನಲ್ಲಿ ದಾರಿಯೇ ಇಲ್ಲ. ಯಾವ ಅಪ್‌ಡೇಟೂ ಬರುವುದಿಲ್ಲ. ಓಡುವ ಗಾಡಿಯಲ್ಲಿ ಬರುತ್ತದೆ ಅಂದದ್ದೂ ಸುಳ್ಳು. ಗಾಡಿ ತಿರುಗಿದಂತೆಲ್ಲ ತಾನೂ ತಿರುಗಿ ಹಿಡಿದುಕೊಳ್ಳುವ ಆಂಟೆನಾ ಬೇರೆಯೇ, ಹಡಗುಗಳ ಮೇಲೆ ಹಾಕುವಂಥದ್ದು, ಅದು ಲಕ್ಷಗಳ ಮಾತು. ನನ್ನದು ನಿಂತ ಗಾಡಿಯದು. ಅದೂ ಅಮೆರಿಕಾದಲ್ಲಿ ನಿಂತ ಗಾಡಿಯದು.

ಹಾಗಾದರೆ ಡೆಮೊದಲ್ಲಿ ಚಂದನ ಹೇಗೆ ಬಂತು? ಆ ಪ್ರಶ್ನೆ ನನಗೆ ಹೊಳೆದಾಗ ಗಾಡಿಯಲ್ಲೇ ಕೂತುಬಿಟ್ಟೆ. ಅಂಗಡಿಯ ತಾರಸಿ ಮೇಲೆ ಅವರದೇ ಡಿಶ್ ಇದೆ. ಬಾಕ್ಸ್‌ಗೆ ಬಂದಿದ್ದು ಅದರ ಕೇಬಲ್. ಡೋಮ್ ಫುಟ್‌ಪಾತ್ ಮೇಲೆ ತನ್ನಷ್ಟಕ್ಕೆ ತಾನು ಸುತ್ತುತ್ತಿತ್ತು. ಚಂದನ ನೋಡಿ ಖುಷಿಪಟ್ಟವನು ನಾನು.

ಮಾರನೇ ದಿನ ಅಂಗಡಿಗೆ ಹೋಗಿ ಇದನ್ನೇ ಕೇಳಿದೆ. ಒಂದು ಕ್ಷಣ ಮುಖ ನೋಡಿದರು. ಆಮೇಲೆ "ಸಾರ್, ನಾನು ಇಂಪೋರ್ಟೆಡ್ ಅಂತ ಮೊದಲೇ ಹೇಳಿದ್ನಲ್ಲ" ಅಂದರು! ನನ್ನ ತಪ್ಪಂತೆ! "ಓಡ್ತಾ ಬರತ್ತೆ ಅಂತ ನಾನೆಲ್ಲಿ ಹೇಳ್ದೆ? ಬರಬಹುದು ಅಂದೆ." ದುಡ್ಡು ವಾಪಸ್ ಕೊಡಿ ಅಂದೆ. ಗೋಡೆ ಮೇಲಿನ ಬೋರ್ಡ್ ತೋರಿಸಿದರು, ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ. ಬೇಕಾದರೆ ಒಂದು ಮಾಮೂಲಿ ಡಿಶ್ ಫ್ರೀಯಾಗಿ ಕೊಡ್ತೀನಿ, ಅಡ್ಜಸ್ಟ್ ಮಾಡ್ಕೊಳಿ ಅಂದರು. 74,500ಕ್ಕೆ ಒಂದು ತಟ್ಟೆ ಫ್ರೀ.

ಆ ಬೋರ್ಡಿಗೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದೇ ಇರುವುದೂ, ದೋಷ ಇರುವ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅನ್ನುವುದೂ ಅನುಚಿತ ವ್ಯಾಪಾರ ಅಂತಲೇ ಬರೆದಿದ್ದಾರೆ. ವಾಪಸ್ ಕೊಡುವ ಅವಧಿಯನ್ನು ಬಿಲ್‌ನಲ್ಲಿ ಹೇಳಿಲ್ಲದಿದ್ದರೆ 30 ದಿನದ ಲೆಕ್ಕ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ, ದೂರು ಬರೆದುಕೊಂಡರು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರಕ್ಕೆ ಅರ್ಜಿ ಶುಲ್ಕವೂ ಇಲ್ಲ. ಹಾಕುತ್ತಿದ್ದೇನೆ. ಕೈಯಲ್ಲಿರುವುದು ಎಸ್ಟಿಮೇಟ್ ಚೀಟಿ, ಯುಪಿಐ ಮೆಸೇಜು, ಅವರ ವಾಯ್ಸ್ ಮೆಸೇಜುಗಳು. ಪುಣ್ಯಕ್ಕೆ ಒಂದನ್ನೂ ಡಿಲೀಟ್ ಮಾಡಿಲ್ಲ.

ಈಗ ಗಾಡಿಯಲ್ಲಿ ಟಿವಿ ಬರುತ್ತಿದೆ. ಹೇಗೆ ಅಂತ ಕೇಳಿದರೆ ನಗುತ್ತೀರಿ. ಕ್ಯಾತ್ಸಂದ್ರದ ಒಬ್ಬ ಹಳೇ ಡಿಶ್ ಫಿಟ್ಟರ್ ಹತ್ತಿರ ಹೋದೆ. 60 ಸೆಂಟಿಮೀಟರಿನ ಮಾಮೂಲಿ ತಟ್ಟೆ, ಎಲ್‌ಎನ್‌ಬಿ, ಮಡಚುವ ಮೂರು ಕಾಲಿನ ಸ್ಟ್ಯಾಂಡ್, ಹನ್ನೆರಡು ಮೀಟರ್ ಕೇಬಲ್, ಎಲ್ಲ ಸೇರಿ 1,900 ರೂಪಾಯಿ. ಗಾಡಿ ನಿಲ್ಲಿಸಿದ ಮೇಲೆ ಕೆಳಗಿಳಿಸಿ ಇಡುವುದು. ಗಾಡಿ ಮರದ ನೆರಳಲ್ಲಿ, ತಟ್ಟೆ ಬಿಸಿಲಲ್ಲಿ. ಟಾಪ್ ಮೇಲೆ ಕೂರಿಸಿದ್ದರೆ ಇದು ಆಗುತ್ತಿತ್ತಾ?

ಅವರು ಹೇಳಿಕೊಟ್ಟದ್ದು: "ಫ್ರೀ ಡಿಶ್ಶಿಗೆ ಅಡುಗೆಮನೆ ಮೂಲೆ ನೆನಪಿಟ್ಕೊಳಿ ಅಣ್ಣ, ಆಗ್ನೇಯ. ಮೂಲೆ ಬಿಟ್ಟು ಚೂರು ಪೂರ್ವಕ್ಕೆ ಒತ್ತಿದ್ರೆ ಸಿಕ್ತು." ಉಪಗ್ರಹ ಆಕಾಶದಲ್ಲಿ ಎತ್ತರದಲ್ಲಿ ಇರುತ್ತದೆ, ನಮ್ಮ ಕಡೆ ನೆಲದಿಂದ ಸುಮಾರು 65 ಡಿಗ್ರಿ ಮೇಲಕ್ಕೆ, ಆದ್ದರಿಂದ ದೂರದ ಬೆಟ್ಟ ಅಡ್ಡ ಬರುವುದು ಕಡಿಮೆ, ತಲೆ ಮೇಲಿನ ಕೊಂಬೆಯೇ ಶತ್ರು. ಮೊಬೈಲಿನ ದಿಕ್ಸೂಚಿಯನ್ನು ಗಾಡಿಯ ಕಬ್ಬಿಣದಿಂದ ದೂರ ಹಿಡಿದು ನೋಡಬೇಕು. ಒಂದೊಂದು ಬೆರಳಷ್ಟೇ ತಿರುಗಿಸಿ ಎರಡು ಮೂರು ಸೆಕೆಂಡ್ ಕಾಯಬೇಕು. ಅಮ್ಮನ ಧಾರಾವಾಹಿ ಫ್ರೀ ಡಿಶ್‌ನಲ್ಲಿ ಇಲ್ಲವಾದ್ದರಿಂದ ಮನೆಯ ಡಿಟಿಎಚ್ ಬಾಕ್ಸನ್ನೇ ಕಿತ್ತು ಒಯ್ಯುತ್ತೇವೆ, ತಟ್ಟೆಯನ್ನು ಆ ಕಂಪನಿಯ ಉಪಗ್ರಹದ ಕಡೆ ತಿರುಗಿಸುತ್ತೇವೆ, ಅಷ್ಟೇ. ಬಾಕ್ಸಿನ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತಿದೆ ಅಂತ ಸೀದಾ ಬ್ಯಾಟರಿಗೆ ಕೊಡಬೇಡಿ, ಇಂಜಿನ್ ಓಡುವಾಗ 14 ಮುಟ್ಟುತ್ತದೆ, ನಡುವೆ ಒಂದು ರೆಗ್ಯುಲೇಟರ್ ಇರಲಿ. ಹೆಂಡತಿ ಒಳಗಿಂದ "ಬಂತೂ ರೀ, ಹೋಯ್ತು ರೀ" ಅಂತ ಕೂಗುತ್ತಾಳೆ. ಹತ್ತು ನಿಮಿಷದಲ್ಲಿ ಕೂರುತ್ತದೆ.

ಯಾರಾದರೂ ಡೋಮ್ ತೋರಿಸಿದರೆ ಅದರ ಕೇಬಲ್ಲನ್ನು ನೀವೇ ಕೈಯಲ್ಲಿ ಹಿಡಿದು ಬಾಕ್ಸ್‌ವರೆಗೂ ಹೋಗಿ. ಯಾವ ಉಪಗ್ರಹ ಹಿಡಿಯತ್ತೆ, ಎಷ್ಟು ಡಿಗ್ರಿ ಪೂರ್ವ ಅಂತ ಬಿಲ್‌ನಲ್ಲೇ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ.

ಬಂಕ್‌ನಲ್ಲಿ ಸಿಕ್ಕವರಿಗೆ ಇಷ್ಟೂ ಹೇಳಿದೆ. ಅವರು ನಂಬಲಿಲ್ಲ. ಮೊಬೈಲ್ ತೆಗೆದು ಅಂಗಡಿಯವರ ವಾಟ್ಸಾಪ್ ಸ್ಟೇಟಸ್ ತೋರಿಸಿದರು. ಅದರಲ್ಲಿ ಒಂದು ಫೋಟೊ: ಬಿಳಿ ಟ್ರಾವೆಲರ್, ಪಕ್ಕಕ್ಕೆ ನೀಲಿ ಪಟ್ಟಿ, ಟಾಪ್ ಮೇಲೆ ಡೋಮ್, ಕೆಳಗೆ "ನಮ್ಮ ಇನ್ನೊಬ್ಬ ಹ್ಯಾಪಿ ಕಸ್ಟಮರ್". ಅದು ನನ್ನ ಗಾಡಿ. ಬಾಗಿಲ ಹತ್ತಿರ ಹಲ್ಲು ಕಿಸಿದುಕೊಂಡು ನಿಂತಿರುವವನು ನಾನು. ಆ ಫೋಟೊ ನಿಮಗೂ ಬಂದರೆ ನೋಡಿ ಮೋಸಹೋಗಬೇಡಿ, ಡೋಮ್ ಇನ್ನೂ ಮೇಲೇ ಇದೆ, ತೆಗೆದರೆ ಐದೂ ತೂತಿಂದ ಮಳೆ ಒಳಗೆ ಬರುತ್ತದೆ ಅಂತ ಬಿಟ್ಟಿದ್ದೇನೆ.