ಬಳ್ಳಾರಿಯ ಸ್ಪೋಕನ್ ಇಂಗ್ಲಿಷ್ ತರಗತಿ: ‘ದೂರ’ದ ಪಾಠ ಹೇಗಿದೆ?

ಬಳ್ಳಾರಿಯ ಒಂದು ಸ್ಪೋಕನ್ ಇಂಗ್ಲಿಷ್ ತರಗತಿಗೆ ಕಳೆದ ಬೇಸಿಗೆಯಲ್ಲಿ ಸೇರಿದ್ದೆ. ಸಹಪಾಠಿಗಳಲ್ಲಿ ಹೆಚ್ಚಿನವರು ತೋರಣಗಲ್ಲಿನ ಕಾರ್ಖಾನೆಗಳಲ್ಲಿ ಕೆಲಸದ ಸಂದರ್ಶನ ಎದುರಿಸಬೇಕಿದ್ದವರು. ದೂರವನ್ನು ಇಂಗ್ಲಿಷಿನಲ್ಲಿ ಹೇಳುವ ಬಗೆಯ ಮೇಲಿನ ಪಾಠಗಳನ್ನಷ್ಟೇ ಇಲ್ಲಿ ಪರಿಶೀಲಿಸುತ್ತೇನೆ. ಈ ತರಗತಿ ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂಬುದು ಅವುಗಳಲ್ಲೇ ಸ್ಪಷ್ಟವಾಗುತ್ತದೆ.

ಶಿಕ್ಷಕರು ಹಲಗೆಯ ಮೇಲೆ ಉದ್ದಕ್ಕೆ ಗೆರೆ ಎಳೆದು, ಬಳ್ಳಾರಿ, ಕುಡುತಿನಿ, ತೋರಣಗಲ್ಲು, ಹೊಸಪೇಟೆ ಎಂದು ಗುರುತು ಹಾಕಿ, ಪ್ರತಿಯೊಬ್ಬರಿಂದಲೂ ಒಂದೊಂದು ವಾಕ್ಯ ಹೇಳಿಸಿದರು. ಹಲವರ ಬಾಯಿಂದ ಬಂದದ್ದು ‘ಹೊಸಪೇಟೆ ಈಸ್ ಸಿಕ್ಸ್ಟಿ ಕಿಲೋಮೀಟರ್ಸ್ ಫಾರ್’ ಎಂಬ ವಾಕ್ಯ. ‘60 ಕಿಲೋಮೀಟರ್ ದೂರ’ ಎಂದು ಆಡುವ ನಮಗೆ ಇದು ಸಹಜವೇ. ಆದರೆ ಅಳತೆ ಹೇಳಿದ ಮೇಲೆ ಇಂಗ್ಲಿಷಿನಲ್ಲಿ ‘ಫಾರ್’ ಸಲ್ಲದು, ‘ಅವೇ’ ಬರಬೇಕು, ಹೊತ್ತಿನಲ್ಲಿ ಅಳೆದರೂ ‘ಆ್ಯನ್ ಅವರ್ ಅವೇ’ ಎನ್ನಬೇಕು. ಪ್ರಶ್ನೆಯಲ್ಲೂ ‘ಇಲ್ಲ’ ಎನ್ನುವ ವಾಕ್ಯದಲ್ಲೂ ‘ಫಾರ್’ ಸಲೀಸಾಗಿ ಬರುತ್ತದೆ, ಸಾದಾ ಹೇಳಿಕೆಗೆ ‘ಎ ಲಾಂಗ್ ವೇ’ ಹೆಚ್ಚು ಒಪ್ಪುತ್ತದೆ ಎಂಬುದನ್ನು ಅದೇ ಗೆರೆಯ ಮೇಲೆ ಊರಿಂದೂರಿಗೆ ಬೆರಳಿಟ್ಟು ಮನವರಿಕೆ ಮಾಡಿಸಿದರು. ಇಷ್ಟು ಅಚ್ಚುಕಟ್ಟಾದ ಪಾಠವನ್ನು ನಾನು ಕಾಲೇಜಿನಲ್ಲೂ ಕೇಳಿರಲಿಲ್ಲ.

ಲಾಕ್ಷಣಿಕ ಅರ್ಥದ ದೂರಕ್ಕೆ ಬಂದಾಗ ಮಾತ್ರ ಈ ಶ್ರದ್ಧೆ ಕಾಣಲಿಲ್ಲ. ಅರ್ಥ ಬರೆದ ಒಂದು ಜೆರಾಕ್ಸ್ ಹಾಳೆ ಕೈಗಿಟ್ಟು, ಬಾಯಿಪಾಠ ಮಾಡಿಕೊಂಡು ಬನ್ನಿ ಎಂದರು. ‘ಫಾರ್ ಈಸಿಯರ್’ ಎಂದರೆ ಎಷ್ಟೋ ಸುಲಭ. ‘ಫಾರ್ ಫ್ರಮ್ ಈಸಿ’ ಎಂದರೆ ಸುಲಭವೇ ಅಲ್ಲ. ಹೀಗೆ ತದ್ವಿರುದ್ಧವಾದ ಎರಡನ್ನು, ಒಂದೂ ಉದಾಹರಣೆಯಿಲ್ಲದೆ, ಒಂದರ ಕೆಳಗೊಂದು ಅಚ್ಚು ಹಾಕಿದರೆ ಸಂದರ್ಶನದಲ್ಲಿ ಅದಲು ಬದಲಾಗದೆ ಇದ್ದೀತೇ? ‘ಸೋ ಫಾರ್’ ಎಂಬುದು ಹೆಚ್ಚಾಗಿ ‘ಇಲ್ಲಿಯವರೆಗೆ’ ಎಂಬ ಕಾಲವನ್ನು ಸೂಚಿಸುತ್ತದೆ, ‘ಶಿ ವಿಲ್ ಗೋ ಫಾರ್’ ಎಂದರೆ ಮುಂದೆ ಬರುವ ಹುಡುಗಿ ಎಂಬ ಮೆಚ್ಚುಗೆ, ನಡುವೆ ‘ಟೂ’ ಸೇರಿ ‘ಗೋ ಟೂ ಫಾರ್’ ಆದರೆ ಅತಿರೇಕದ ಆಕ್ಷೇಪ: ಇವುಗಳಿಗೆ ಸಂದರ್ಭ ಕಟ್ಟಿಕೊಡದೆ ಬರೀ ಅರ್ಥ ಒಪ್ಪಿಸಿದರೆ ಪ್ರಯೋಜನವಿಲ್ಲ. ಕನ್ನಡದ ನೆರವೂ ಕೈಯಳತೆಯಲ್ಲೇ ಇತ್ತು. ದೂರದ ಸಂಬಂಧಿಗೆ ‘ಡಿಸ್ಟಂಟ್ ರಿಲೇಟಿವ್’, ಕೂಗಳತೆಗೆ ‘ವಿದಿನ್ ಶೌಟಿಂಗ್ ಡಿಸ್ಟನ್ಸ್’ ನೇರವಾಗಿ ಹೊಂದುತ್ತವೆ. ಹಾಳೆಯಲ್ಲಿ ಅವೆರಡೂ ಇರಲಿಲ್ಲ.

ಶುಲ್ಕ ದುಬಾರಿಯೆನಿಸಲಿಲ್ಲ, ಕೊಠಡಿ ಮಾತ್ರ ಬಳ್ಳಾರಿಯ ಬಿಸಿಲಿಗೆ ತಕ್ಕದ್ದಲ್ಲ. ದಾರಿ ಕೇಳುವಷ್ಟು, ವಿಳಾಸ ಹೇಳುವಷ್ಟು ಇಂಗ್ಲಿಷ್ ಬೇಕಾದವರು ಧಾರಾಳವಾಗಿ ಸೇರಬಹುದು. ಅದು ಈಗಾಗಲೇ ಬರುವವರು ಹಣ ಕಟ್ಟುವ ಮುನ್ನ ನುಡಿಗಟ್ಟಿನ ಒಂದು ಪಾಠಕ್ಕೆ ಕೂತು ನೋಡುವುದು ಒಳ್ಳೆಯದು. ಕೇಳಿದರೆ ಡೆಮೊಗೆ ಬಿಡುತ್ತಾರೆ.